ವಿವರ ಬಿಟ್ಟುಕೊಡದ ಕೃಷ್ಣವಿವರ

1756ರ ಜೂನ್ 20ರ ರಾತ್ರಿ. ಕಲ್ಕತ್ತದ ಫೋರ್ಟ್ ವಿಲಿಯಂ ಕೋಟೆ ಬಂಗಾಳದ ನವಾಬ ಸಿರಾಜುದ್ದೌಲನ ಕೈವಶವಾಗಿತ್ತು. ಸೆರೆಸಿಕ್ಕ ಈಸ್ಟ್ ಇಂಡಿಯಾ ಕಂಪನಿಯ ಜನರನ್ನು ಕೋಟೆಯೊಳಗಿನ ಸಣ್ಣದೊಂದು ಕೋಣೆಗೆ ತಳ್ಳಿ ಬಾಗಿಲು ಹಾಕಿದರು. ಸುಮಾರು 18 ಅಡಿ ಉದ್ದ, 14 ಅಡಿ ಅಗಲದ ಆ ಕೋಣೆ ತಪ್ಪು ಮಾಡಿದವರನ್ನು ಕೂಡಿಹಾಕಲು ಕಂಪನಿಯವರೇ ಇಟ್ಟುಕೊಂಡಿದ್ದ ಬಂದೀಖಾನೆ. ಒಳಗೆ ಹೋದವರು 146 ಮಂದಿ, ಬೆಳಗಾದಾಗ ಉಸಿರಾಡುತ್ತಿದ್ದವರು 23 ಮಂದಿ ಎಂದು, ಬದುಕಿ ಬಂದ ಹಾಲ್ವೆಲ್ ಎಂಬ ಅಧಿಕಾರಿ ಬರೆದ. ಈ ಲೆಕ್ಕವನ್ನು ಅನಂತರದ ಇತಿಹಾಸಕಾರರು ನಂಬಲಿಲ್ಲ. ಸತ್ತವರು ಇದ್ದರು, ಆದರೆ ಹಾಲ್ವೆಲ್ ಹೇಳಿದಷ್ಟಲ್ಲ ಎಂಬುದು ಅವರ ಅಭಿಪ್ರಾಯ. ಆದರೂ ‘ಬ್ಲ್ಯಾಕ್ ಹೋಲ್ ಆಫ್ ಕಲ್ಕಟಾ’ ಎಂಬ ಹೆಸರು ಇಂಗ್ಲಿಷ್ ಪಠ್ಯಪುಸ್ತಕಗಳಲ್ಲಿ ಬೇರೂರಿತು. ಭಾರತೀಯರ ಕ್ರೌರ್ಯಕ್ಕೆ ಸಾಕ್ಷಿಯೆಂಬಂತೆ ಬಹುಕಾಲ ಬಳಕೆಯಾಯಿತು. ಅಲ್ಲಿ ಎದ್ದಿದ್ದ ಹಾಲ್ವೆಲ್ ಸ್ಮಾರಕವನ್ನು ತೆಗೆಸಬೇಕೆಂದು 1940ರಲ್ಲಿ ಸುಭಾಷ್‌ಚಂದ್ರ ಬೋಸರು ಚಳವಳಿ ಹೂಡಿದ್ದನ್ನು ಹಿರಿಯರು ಓದಿ ಬಲ್ಲರು.

ಖಗೋಳ ವಿಜ್ಞಾನದ ಲೇಖನಕ್ಕೂ ಕಲ್ಕತ್ತದ ಸೆರೆಮನೆಗೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧವಿದೆ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಡಿಕಿ ಎಂಬ ಭೌತವಿಜ್ಞಾನಿ ಇದ್ದರು. ಮನೆಯಲ್ಲಿ ಏನಾದರೂ ಕಳೆದುಹೋಗಿ ಎಷ್ಟು ಹುಡುಕಿದರೂ ಸಿಗದಿದ್ದರೆ, ಅದು ಕಲ್ಕತ್ತದ ಬ್ಲ್ಯಾಕ್ ಹೋಲ್‌ಗೆ ಬಿತ್ತು ಎನ್ನುವುದು ಅವರ ರೂಢಿಯಂತೆ. 1960ರ ಸುಮಾರಿಗೆ, ತನ್ನ ಭಾರಕ್ಕೆ ತಾನೇ ಕುಸಿದು ಬೆಳಕನ್ನೂ ಹೊರಬಿಡದ ನಕ್ಷತ್ರಗಳ ಬಗ್ಗೆ ಉಪನ್ಯಾಸ ಮಾಡುವಾಗಲೂ ಅದೇ ಮಾತು ಅವರ ಬಾಯಿಗೆ ಬಂತು. ಒಳಹೋದದ್ದು ಹೊರಬರದ ಕೋಣೆ! 1964ರ ಜನವರಿಯಲ್ಲಿ ಆ್ಯನ್ ಯೂಯಿಂಗ್ ಎಂಬ ಪತ್ರಕರ್ತೆ ವಿಜ್ಞಾನಿಗಳ ಸಮ್ಮೇಳನವೊಂದರ ವರದಿಯಲ್ಲಿ ಈ ಹೆಸರನ್ನು ಮೊದಲು ಅಚ್ಚಿಗೆ ತಂದರು. ಮೂರು ವರ್ಷಗಳ ಬಳಿಕ, 1967ರಲ್ಲಿ, ಪ್ರಿನ್ಸ್‌ಟನ್ನಿನವರೇ ಆದ ಜಾನ್ ವೀಲರ್ ನ್ಯೂಯಾರ್ಕಿನ ಒಂದು ಉಪನ್ಯಾಸದಲ್ಲಿ ‘ಗುರುತ್ವದಿಂದ ಪೂರ್ತಿ ಕುಸಿದ ಕಾಯ’ ಎಂದು ಮತ್ತೆ ಮತ್ತೆ ಹೇಳಿ ದಣಿದಾಗ ಸಭೆಯಿಂದ ಯಾರೋ, ‘ಬ್ಲ್ಯಾಕ್ ಹೋಲ್ ಎಂದುಬಿಡಬಾರದೇಕೆ?’ ಎಂದರಂತೆ. ವೀಲರ್ ಹಿರಿಯರು, ಮಾತುಗಾರರು. ಅವರು ಬಳಸಿದ ಮೇಲೆ ಹೆಸರು ನಿಂತಿತು. ಹೆಸರಿಟ್ಟ ಕೀರ್ತಿಯೂ ಬಹುಕಾಲ ಅವರ ಪಾಲಿಗೇ ಹೋಯಿತು.

ವಸ್ತು ಮಾತ್ರ ಹೆಸರಿಗಿಂತ ಬಹಳ ಹಳೆಯದು. ಭೂಮಿಯ ಸೆಳೆತದಿಂದ ತಪ್ಪಿಸಿಕೊಳ್ಳಲು ರಾಕೆಟ್ಟಿಗೆ ಸೆಕೆಂಡಿಗೆ 11.2 ಕಿಲೋಮೀಟರ್ ವೇಗ ಬೇಕು. ಕಾಯದ ಸೆಳೆತ ಹೆಚ್ಚಿದಷ್ಟೂ ಈ ವೇಗವೂ ಹೆಚ್ಚಬೇಕು. ಹಾಗಾದರೆ ಬೆಳಕೇ ತಪ್ಪಿಸಿಕೊಳ್ಳಲಾರದಷ್ಟು ದೊಡ್ಡ ನಕ್ಷತ್ರ ಇರಬಹುದಲ್ಲ? 1783ರಲ್ಲಿ ಜಾನ್ ಮಿಚೆಲ್ ಎಂಬ ಇಂಗ್ಲಿಷ್ ಪಾದ್ರಿ ಈ ಲೆಕ್ಕ ಹಾಕಿ, ಸೂರ್ಯನಷ್ಟೇ ಸಾಂದ್ರತೆಯಿದ್ದು ವ್ಯಾಸ ಅದರ 500 ಪಟ್ಟು ಇದ್ದರೆ ಸಾಕು ಎಂದ. ಸ್ವಲ್ಪ ವರ್ಷಗಳ ಬಳಿಕ ಫ್ರಾನ್ಸಿನ ಲಪ್ಲಾಸ್ ಕೂಡ ಇಂಥದೇ ಮಾತಾಡಿದ. ಆಗ ಯಾರೂ ಇದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಐನ್‌ಸ್ಟೈನರ ಸಾರ್ವತ್ರಿಕ ಸಾಪೇಕ್ಷ ಸಿದ್ಧಾಂತ 1915ರ ನವೆಂಬರಿನಲ್ಲಿ ಹೊರಬಂದ ಕೆಲವೇ ವಾರಗಳಲ್ಲಿ, ಮೊದಲ ಮಹಾಯುದ್ಧದ ರಣರಂಗದಲ್ಲಿದ್ದ ಕಾರ್ಲ್ ಶ್ವಾರ್ಜ್‌ಶಿಲ್ಡ್ ಅದರ ಸಮೀಕರಣಗಳಿಗೆ ಒಂದು ಉತ್ತರ ಕಂಡುಹಿಡಿದು ಐನ್‌ಸ್ಟೈನರಿಗೆ ಪತ್ರ ಬರೆದ. ಆ ಉತ್ತರದಲ್ಲಿ ಒಂದು ವಿಚಿತ್ರ ಎಲ್ಲೆ ಕಾಣಿಸಿತು. ಸೂರ್ಯನನ್ನು ಹಿಂಡಿ ಸುಮಾರು 3 ಕಿಲೋಮೀಟರ್ ತ್ರಿಜ್ಯಕ್ಕೆ ತಂದರೆ, ಭೂಮಿಯನ್ನು ಹಿಂಡಿ ಒಂದು ಗೋಲಿಯಷ್ಟಾಗಿಸಿದರೆ, ಅಲ್ಲಿ ಲೆಕ್ಕ ತಾಳ ತಪ್ಪುತ್ತದೆ. ಶ್ವಾರ್ಜ್‌ಶಿಲ್ಡ್ ಎಂದರೆ ಜರ್ಮನ್ ಭಾಷೆಯಲ್ಲಿ ‘ಕಪ್ಪು ಗುರಾಣಿ’. ವಿಧಿ ಕೆಲವೊಮ್ಮೆ ಹೀಗೂ ಹೆಸರಿಡುತ್ತದೆ! ಪಾಪ, ಆತ 1916ರ ಮೇ ತಿಂಗಳಿನಲ್ಲೇ ಕಾಯಿಲೆಯಿಂದ ತೀರಿಕೊಂಡ.

ಈ ಎಲ್ಲೆಗೆ ಏನು ಅರ್ಥ ಎಂದು ತಿಳಿಯಲು ಮುಂದಿನ 40 ವರ್ಷವೂ ಸಾಲಲಿಲ್ಲ. ಸುಬ್ರಹ್ಮಣ್ಯನ್ ಚಂದ್ರಶೇಖರ್ ಮತ್ತು ಎಡಿಂಗ್ಟನ್ನರ 1935ರ ಜಗಳ ಎಲ್ಲರಿಗೂ ಗೊತ್ತಿರುವುದರಿಂದ ಇಲ್ಲಿ ಮತ್ತೆ ಹೇಳುವುದಿಲ್ಲ. ತೊಡಕಿಗೆ ಹೆಸರೂ ಒಂದು ಕಾರಣವಾಗಿತ್ತು ಎಂಬುದಷ್ಟೇ ನನಗೆ ಮುಖ್ಯ. ಸೋವಿಯತ್ ವಿಜ್ಞಾನಿಗಳು ಇಂಥ ಕಾಯವನ್ನು ‘ಹೆಪ್ಪುಗಟ್ಟಿದ ನಕ್ಷತ್ರ’ ಎನ್ನುತ್ತಿದ್ದರು. ಹೊರಗೆ ನಿಂತು ನೋಡುವವನಿಗೆ ಕುಸಿಯುವ ನಕ್ಷತ್ರ ಆ ಎಲ್ಲೆಯ ಹತ್ತಿರ ಬರುತ್ತ ನಿಧಾನವಾಗಿ, ಕೊನೆಗೆ ನಿಂತೇಬಿಟ್ಟಂತೆ ತೋರುತ್ತದೆ. ಆದ್ದರಿಂದ ಆ ಹೆಸರು ತಪ್ಪಲ್ಲ. ಆದರೆ ಹೆಪ್ಪುಗಟ್ಟಿದ್ದರಲ್ಲಿ ಹುಡುಕುವುದು ಏನಿದೆ? ಕಥೆ ಅಲ್ಲಿಗೆ ಮುಗಿಯಿತು. ‘ಕುಳಿ’ ಎಂದ ಕೂಡಲೇ ಪ್ರಶ್ನೆಗಳು ಎದ್ದವು. ಒಳಗೆ ಏನಿದೆ? ಬಿದ್ದದ್ದು ಎಲ್ಲಿಗೆ ಹೋಗುತ್ತದೆ? ಅದು ತಿರುಗುತ್ತದೆಯೆ? ಅಲುಗಾಡುತ್ತದೆಯೆ? ಹೆಸರು ಬದಲಾದ ಮೇಲೆ ಸಂಶೋಧಕರ ಯೋಚನೆಯ ರೀತಿಯೇ ಬದಲಾಯಿತೆಂದು ಈ ಕ್ಷೇತ್ರದ ಕಿಪ್ ಥಾರ್ನ್ ಬರೆದಿದ್ದಾರೆ. ಎಲ್ಲೆಗೂ ಒಂದು ಹೆಸರು ಅಷ್ಟರಲ್ಲಿ ಬಂದಿತ್ತು. 1956ರಲ್ಲಿ ವೋಲ್ಫ್‌ಗಾಂಗ್ ರಿಂಡ್ಲರ್ ಅದನ್ನು ‘ಘಟನಾ ದಿಗಂತ’ ಎಂದು ಕರೆದಿದ್ದರು. ಆ ದಿಗಂತದ ಆಚೆ ನಡೆದದ್ದು ಈಚೆಯವರಿಗೆ ಎಂದೂ ತಿಳಿಯದು.

ಕನ್ನಡದಲ್ಲಿ ಈ ವಸ್ತುವಿಗೆ ಕಪ್ಪುಕುಳಿ, ಕಪ್ಪು ರಂಧ್ರ, ಕೃಷ್ಣರಂಧ್ರ, ಕೃಷ್ಣವಿವರ ಎಂದು ಹಲವು ಹೆಸರು. ನನಗೆ ಕೊನೆಯದು ಇಷ್ಟ. ಸಂಸ್ಕೃತದಲ್ಲಿ ವಿವರ ಎಂದರೆ ಬಿಲ, ರಂಧ್ರ. ಬಳಕೆಯ ಕನ್ನಡದಲ್ಲಿ ವಿವರ ಎಂದರೆ ಮಾಹಿತಿ. ಸಂಸ್ಕೃತ ಓದದವರಿಗೆ ಕೃಷ್ಣವಿವರ ಎಂದರೆ ಕೃಷ್ಣನ ಬಗೆಗಿನ ಮಾಹಿತಿ ಎಂದೇ ಕೇಳಿಸೀತು! ಆದರೆ ಈ ಅರ್ಥಭೇದದಲ್ಲೇ ಕಳೆದ 50 ವರ್ಷಗಳ ಭೌತವಿಜ್ಞಾನದ ದೊಡ್ಡ ಜಗಳವೊಂದು ಅಡಗಿದೆ. ಒಳಬಿದ್ದದ್ದರ ವಿವರ ಉಳಿಯುತ್ತದೆಯೋ ಅಳಿಯುತ್ತದೆಯೋ ಎಂಬುದೇ ಆ ಜಗಳ.

ಅದಕ್ಕೆ ಬರುವ ಮುನ್ನ ಇಬ್ಬರು ಭಾರತೀಯರನ್ನು ನೆನೆಯಬೇಕು. ಕಲ್ಕತ್ತದ ಅಮಲ್ ಕುಮಾರ್ ರಾಯ್‌ಚೌಧುರಿ 1955ರಲ್ಲಿ ಒಂದು ಸಮೀಕರಣ ಪ್ರಕಟಿಸಿದರು. ಗುರುತ್ವಕ್ಕೆ ಸಿಕ್ಕ ವಸ್ತುವಿನ ಹಾದಿಗಳು ಒಂದನ್ನೊಂದು ಹೇಗೆ ಹತ್ತಿರ ಸೇರುತ್ತವೆಂದು ಅದು ಹೇಳುತ್ತದೆ. ಹತ್ತು ವರ್ಷದ ಬಳಿಕ ರೋಜರ್ ಪೆನ್‌ರೋಸ್, ಕುಸಿತದ ಕೊನೆಗೆ ಲೆಕ್ಕಕ್ಕೇ ನಿಲುಕದ ಒಂದು ಸ್ಥಿತಿ ಬಂದೇ ತೀರಬೇಕೆಂದು ಸಾಧಿಸಿದರು. ಅದೇ ‘ಸಿಂಗ್ಯುಲಾರಿಟಿ’. ಪೆನ್‌ರೋಸರಿಗೆ ಅದಕ್ಕಾಗಿ 2020ರ ನೊಬೆಲ್ ಬಂತು. ಈ ಬಗೆಯ ಸಾಧನೆಗಳಿಗೆಲ್ಲ ರಾಯ್‌ಚೌಧುರಿ ಸಮೀಕರಣವೇ ಅಡಿಗಲ್ಲು. ವಿಚಿತ್ರವೆಂದರೆ, ‘ಬ್ಲ್ಯಾಕ್ ಹೋಲ್’ ಎಂಬ ಹೆಸರೂ, ಅದರ ಗಣಿತದ ಒಂದು ಕಂಬವೂ ಒಂದೇ ಊರಿನಿಂದ ಬಂದವು.

ಇನ್ನೊಬ್ಬರು ನಮ್ಮವರೇ. ಕನ್ನಡದ ಸಾಹಿತಿ ಸಿ.ಕೆ. ವೆಂಕಟರಾಮಯ್ಯನವರ ಮಗ ಸಿ.ವಿ. ವಿಶ್ವೇಶ್ವರ. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದು ಅಮೆರಿಕಕ್ಕೆ ಹೋಗಿ, ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಮಿಸ್ನರ್ ಅವರ ಬಳಿ ಸಂಶೋಧನೆ ಮಾಡಿದರು. ಕೃಷ್ಣವಿವರವನ್ನು ಸ್ವಲ್ಪ ಅಲುಗಾಡಿಸಿದರೆ ಅದು ಚೂರಾಗುತ್ತದೆಯೆ, ಉಳಿದುಕೊಳ್ಳುತ್ತದೆಯೆ ಎಂಬುದು ಅವರೆದುರಿಗಿದ್ದ ಪ್ರಶ್ನೆ. ಉಳಿಯುತ್ತದೆ ಎಂದು ತೋರಿಸಿದರು. 1970ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕೃಷ್ಣವಿವರದ ಮೇಲೆ ಗುರುತ್ವದ ಅಲೆಯೊಂದನ್ನು ಹಾಯಿಸಿದರೆ ಏನಾದೀತೆಂದು ಲೆಕ್ಕ ಹಾಕಿದರು. ದೇವಸ್ಥಾನದ ಗಂಟೆಯನ್ನು ಒಮ್ಮೆ ಬಾರಿಸಿ ಬಿಟ್ಟರೆ ನಾದ ತನ್ನದೇ ಶ್ರುತಿಯಲ್ಲಿ ಸ್ವಲ್ಪ ಹೊತ್ತು ಮೊಳಗಿ ಕ್ಷೀಣಿಸುತ್ತದಲ್ಲ, ಹಾಗೆಯೇ ಕೃಷ್ಣವಿವರವೂ ಮೊಳಗಿ ಸುಮ್ಮನಾಗುತ್ತದೆ. ಗಂಟೆಯ ದನಿ ಕೇಳಿ ಅದು ಕಂಚಿನದೋ ಹಿತ್ತಾಳೆಯದೋ, ಚಿಕ್ಕದೋ ದೊಡ್ಡದೋ ಹೇಳುವಂತೆ, ಈ ಮೊಳಗಿನಿಂದ ಅದರ ತೂಕ ಮತ್ತು ತಿರುಗುವ ಪರಿಯನ್ನು ಹೇಳಬಹುದು. ಕೃಷ್ಣವಿವರ ಇದೆ ಎಂಬುದನ್ನೇ ಅನೇಕರು ಒಪ್ಪದಿದ್ದ ಕಾಲದಲ್ಲಿ ಹುಟ್ಟಿದ ಲೆಕ್ಕ ಇದು. ವಿಶ್ವೇಶ್ವರ ಅನಂತರ ಬೆಂಗಳೂರಿಗೆ ಮರಳಿ 1989ರಲ್ಲಿ ಇಲ್ಲಿನ ನೆಹರೂ ತಾರಾಲಯದ ಸ್ಥಾಪಕ ನಿರ್ದೇಶಕರಾದರು. ವ್ಯಂಗ್ಯಚಿತ್ರ ಬರೆಯುತ್ತಿದ್ದ, ಸ್ನಾನದ ತೊಟ್ಟಿಯ ನೊರೆಗುಳ್ಳೆಯ ಹೆಸರಿಟ್ಟು ಸಾಪೇಕ್ಷ ಸಿದ್ಧಾಂತದ ಪುಸ್ತಕ ಬರೆದ ಹಾಸ್ಯಪ್ರಿಯರು ಅವರು.

ಈಗ ಜಗಳಕ್ಕೆ ಬರೋಣ. ‘ಕೃಷ್ಣವಿವರಕ್ಕೆ ಕೂದಲಿಲ್ಲ’ ಎಂಬುದು ವೀಲರ್ ಪ್ರಚಾರಕ್ಕೆ ತಂದ ಇನ್ನೊಂದು ಮಾತು. ತಲೆ ಬೋಳಿಸಿಕೊಂಡವರ ಸಾಲಿನಲ್ಲಿ ಯಾರು ಯಾರೆಂದು ಗುರುತಿಸುವುದು ಕಷ್ಟ. ಹಾಗೆಯೇ, ಕೃಷ್ಣವಿವರ ಕಬ್ಬಿಣದಿಂದ ಆದದ್ದೋ ಕಲ್ಲಿನಿಂದ ಆದದ್ದೋ ಹೊರಗಿನಿಂದ ತಿಳಿಯದು. ತೂಕ, ವಿದ್ಯುದಂಶ, ತಿರುಗುವಿಕೆ ಈ ಮೂರೇ ಅದರ ಗುರುತು. ಈ ಮಾತು ಕೊಂಚ ಅಶ್ಲೀಲವೆಂದು ಫೈನ್‌ಮನ್ ಹೇಳಿದ್ದನ್ನು ವೀಲರ್ ತಮ್ಮ ಆತ್ಮಕಥೆಯಲ್ಲಿ ನೆನೆಯುತ್ತಾರೆ.

1970ರ ದಶಕದ ಆರಂಭದಲ್ಲಿ ವೀಲರ್ ತಮ್ಮ ಶಿಷ್ಯ ಜೇಕಬ್ ಬೆಕೆನ್‌ಸ್ಟೈನ್ ಬಳಿ ಒಂದು ತಮಾಷೆ ಮಾಡಿದರು. ಬಿಸಿ ಚಹಾದ ಲೋಟವನ್ನು ತಣ್ಣಗಿನದರ ಪಕ್ಕ ಇಟ್ಟು ಎರಡೂ ಉಗುರುಬೆಚ್ಚಗಾಗಲು ಬಿಟ್ಟರೆ ಜಗತ್ತಿನ ಅಸ್ತವ್ಯಸ್ತತೆ ಒಂದಿಷ್ಟು ಹೆಚ್ಚುತ್ತದೆ; ಅದು ಎಂದೂ ಅಳಿಸಲಾಗದ ಅಪರಾಧ. ಆದರೆ ಎರಡೂ ಲೋಟಗಳನ್ನು ಕೃಷ್ಣವಿವರಕ್ಕೆ ಎಸೆದರೆ ಸಾಕ್ಷ್ಯವೇ ನಾಶವಲ್ಲವೆ? ಬೆಕೆನ್‌ಸ್ಟೈನ್ ಇದನ್ನು ತಮಾಷೆ ಎಂದು ಬಿಡಲಿಲ್ಲ. ಸಾಕ್ಷ್ಯ ನಾಶವಾಗದು, ಕೃಷ್ಣವಿವರದ ದಿಗಂತದ ಮೇಲ್ಮೈ ಅಷ್ಟು ಹಿಗ್ಗುತ್ತದೆ ಎಂದರು. ಅಂದರೆ ಕೃಷ್ಣವಿವರಕ್ಕೂ ‘ಎಂಟ್ರೊಪಿ’ ಇದೆ. ಎಂಟ್ರೊಪಿ ಎಂದರೆ, ಹೊರಗಿನಿಂದ ಒಂದೇ ಥರ ಕಾಣುವ ವಸ್ತುವಿನ ಒಳಗೆ ಎಷ್ಟು ಬಗೆಯ ಜೋಡಣೆ ಸಾಧ್ಯ ಎಂಬುದರ ಅಳತೆ. ನಮಗೆ ಕಾಣದ ವಿವರಗಳ ಲೆಕ್ಕ ಎನ್ನಿ. ಸ್ಟೀಫನ್ ಹಾಕಿಂಗ್ ಮೊದಲು ಇದನ್ನು ಅಲ್ಲಗಳೆದರು. ತಪ್ಪೆಂದು ತೋರಿಸಲು ಹೊರಟು 1974ರಲ್ಲಿ ತಾವೇ ಸರಿಯೆಂದು ಸಾಧಿಸಿಬಿಟ್ಟರು! ಎಂಟ್ರೊಪಿ ಇದ್ದರೆ ಉಷ್ಣತೆ ಇರಬೇಕು, ಉಷ್ಣತೆ ಇದ್ದರೆ ವಿಕಿರಣ ಹೊರಬರಬೇಕು. ಸೂರ್ಯನಷ್ಟು ತೂಕದ ಕೃಷ್ಣವಿವರದ ಉಷ್ಣತೆ ಪರಮಶೂನ್ಯಕ್ಕಿಂತ ಒಂದು ಡಿಗ್ರಿಯ ಕೋಟಿಯಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಮೇಲೆ. ಯಾವ ಉಪಕರಣಕ್ಕೂ ಇದು ಸಿಕ್ಕಿಲ್ಲ.

ತೊಂದರೆ ಇಲ್ಲಿ ಶುರು. ವಿಕಿರಣ ಹೊರಬಿಡುತ್ತ ಕೃಷ್ಣವಿವರ ಕರಗಿ ಮಾಯವಾದರೆ ಒಳಬಿದ್ದವುಗಳ ವಿವರ ಎಲ್ಲಿ ಹೋಯಿತು? ಅಳಿದೇ ಹೋಯಿತು ಎಂದು 1976ರಲ್ಲಿ ಹಾಕಿಂಗ್ ಅಂದರು. ಆದರೆ ಕ್ವಾಂಟಂ ಸಿದ್ಧಾಂತದ ಪ್ರಕಾರ ವಿವರ ಅಳಿಯುವಂತಿಲ್ಲ. ಸುಟ್ಟ ಪತ್ರದ ಬೂದಿ, ಹೊಗೆ, ಶಾಖವನ್ನೆಲ್ಲ ಒಟ್ಟು ಮಾಡಿದರೆ ತಾತ್ವಿಕವಾಗಿ ಪತ್ರವನ್ನು ಮತ್ತೆ ಓದಬಹುದು. ಭೌತವಿಜ್ಞಾನದ ಎರಡು ಆಧಾರಸ್ತಂಭಗಳಲ್ಲಿ ಒಂದು ಬಗ್ಗಲೇಬೇಕಾಗಿತ್ತು. 1997ರಲ್ಲಿ ಹಾಕಿಂಗ್ ಮತ್ತು ಥಾರ್ನ್ ಒಂದು ಕಡೆ, ಜಾನ್ ಪ್ರೆಸ್ಕಿಲ್ ಇನ್ನೊಂದು ಕಡೆ ನಿಂತು ಪಂದ್ಯ ಕಟ್ಟಿದರು. 2004ರಲ್ಲಿ ಡಬ್ಲಿನ್ನಿನಲ್ಲಿ ಹಾಕಿಂಗ್ ಸೋಲೊಪ್ಪಿ ಬೇಸ್‌ಬಾಲ್ ವಿಶ್ವಕೋಶವೊಂದನ್ನು ಕೊಟ್ಟರು. ಥಾರ್ನ್ ಒಪ್ಪಲಿಲ್ಲ.

ಹಾಕಿಂಗ್ ಮನಸ್ಸು ಬದಲಿಸಲು ಕಾರಣವಾದದ್ದು ಬೇರೆಯೇ ಒಂದು ಓಣಿಯಿಂದ ಬಂದ ವಿದ್ಯೆ. ಅದರ ಹೆಸರು ‘ಸ್ಟ್ರಿಂಗ್ ಥಿಯರಿ’, ತಂತಿ ಸಿದ್ಧಾಂತ. 1968ರಲ್ಲಿ ಇಟಲಿಯ ಗೇಬ್ರಿಯಲ್ ವೆನೆಜಿಯಾನೊ ಪರಮಾಣು ಬೀಜದೊಳಗಿನ ಬಲವನ್ನು ವಿವರಿಸಲು ಹೊರಟು, 200 ವರ್ಷ ಹಳೆಯ ಆಯ್ಲರನ ಸೂತ್ರವೊಂದು ಅದಕ್ಕೆ ಹೊಂದುವುದನ್ನು ಕಂಡರು. ಯಾಕೆ ಹೊಂದುತ್ತದೆ? ಕಣಗಳು ಚುಕ್ಕೆಗಳಲ್ಲ, ಕಂಪಿಸುವ ಎಳೆಗಳು ಎಂದು ಭಾವಿಸಿದರೆ ಹೊಂದುತ್ತದೆ ಎಂದು ನಂಬು, ಸಸ್ಕಿಂಡ್, ನೀಲ್ಸನ್ ಬೇರೆ ಬೇರೆಯಾಗಿ ಹೇಳಿದರು. ಬೀಜದ ಬಲಕ್ಕೆ ಈ ಸಿದ್ಧಾಂತ ಸರಿಹೊಂದಲಿಲ್ಲ. ಯಾರಿಗೂ ಬೇಡದ ಒಂದು ಕಣ ಅದರಲ್ಲಿ ಮತ್ತೆ ಮತ್ತೆ ತಲೆಹಾಕುತ್ತಿತ್ತು. ಆ ಬೇಡದ ಕಣವೇ ಗುರುತ್ವವನ್ನು ಒಯ್ಯುವ ‘ಗ್ರಾವಿಟಾನ್’ ಇರಬೇಕು, ನಾವು ಬೀಗಕ್ಕೆ ತಕ್ಕ ಕೀಲಿ ಹುಡುಕುತ್ತ ಬೇರೆ ಬೀಗದ ಕೀಲಿಯನ್ನು ಪಡೆದಿದ್ದೇವೆ ಎಂಬ ಅರ್ಥದ ಮಾತನ್ನು 1974ರಲ್ಲಿ ಶೆರ್ಕ್ ಮತ್ತು ಶ್ವಾರ್ಜ್ ಮುಂದಿಟ್ಟರು. ಹತ್ತು ವರ್ಷ ಹೆಚ್ಚಿನವರು ಕಿವಿಗೊಡಲಿಲ್ಲ. 1984ರಲ್ಲಿ ಗ್ರೀನ್ ಮತ್ತು ಶ್ವಾರ್ಜ್ ಅದರ ಗಣಿತದ ಒಂದು ಗಂಟು ಬಿಡಿಸಿದ ಮೇಲೆ ಜನ ಮುಗಿಬಿದ್ದರು.

‘ತಂತಿ’ ಎಂದ ಕೂಡಲೇ ವೀಣೆಯ ತಂತಿ ನೆನಪಾಗುತ್ತದೆ. ಹೋಲಿಕೆ ಒಂದು ಮಟ್ಟಿಗೆ ಸರಿ. ಒಂದೇ ತಂತಿ ಬೇರೆ ಬೇರೆ ರೀತಿ ಕಂಪಿಸಿದರೆ ಬೇರೆ ಬೇರೆ ಸ್ವರ. ಇಲ್ಲಿ ಒಂದೇ ಎಳೆ ಬೇರೆ ಬೇರೆ ರೀತಿ ಕಂಪಿಸಿದರೆ ಬೇರೆ ಬೇರೆ ಕಣ. ಆದರೆ ವೀಣೆಯ ತಂತಿ ಲೋಹದ್ದು. ಈ ತಂತಿ ಯಾವುದರದ್ದೂ ಅಲ್ಲ, ಅದಕ್ಕಿಂತ ಮೂಲವಾದದ್ದು ಇಲ್ಲ ಎಂಬುದೇ ಸಿದ್ಧಾಂತದ ವಾದ. ಅದರ ಉದ್ದ ಸೆಂಟಿಮೀಟರಿನಲ್ಲಿ ದಶಮಾಂಶ ಬಿಂದುವಿನ ಮುಂದೆ 32 ಸೊನ್ನೆ ಹಾಕಿ ಒಂದು ಬರೆದಷ್ಟು ಎಂಬುದು ಸಾಮಾನ್ಯ ಅಂದಾಜು. ಜೊತೆಗೆ, ನಾವು ಬಲ್ಲ ಉದ್ದ, ಅಗಲ, ಎತ್ತರ, ಕಾಲಗಳ ಮೇಲೆ ಇನ್ನೂ ಆರು ಆಯಾಮಗಳನ್ನು ಅದು ಬೇಡುತ್ತದೆ.

1995ರ ಹೊತ್ತಿಗೆ ಇಂಥ ತಂತಿ ಸಿದ್ಧಾಂತಗಳು ಐದಾಗಿದ್ದವು. ಐದೂ ಒಂದೇ ಆನೆಯ ಬೇರೆ ಬೇರೆ ಅಂಗ ಎಂದು ಎಡ್ವರ್ಡ್ ವಿಟನ್ ಸೂಚಿಸಿ, ಇಡೀ ಆನೆಗೆ ‘ಎಂ ಸಿದ್ಧಾಂತ’ ಎಂದು ಹೆಸರಿಟ್ಟರು. ಎಂ ಎಂದರೆ ಮ್ಯಾಜಿಕ್, ಮಿಸ್ಟರಿ ಅಥವಾ ಮೆಂಬ್ರೇನ್, ನಿಮ್ಮಿಷ್ಟ ಎಂದರು! ಆನೆ ಪೂರ್ತಿಯಾಗಿ ಇನ್ನೂ ಕಂಡಿಲ್ಲ. ಮೆಂಬ್ರೇನ್ ಎಂದರೆ ಪೊರೆ. ಅದರ ಬಾಲವನ್ನು ಕತ್ತರಿಸಿ ‘ಬ್ರೇನ್’ ಎಂಬ ಪದ ಮಾಡಿಕೊಂಡರು. ಕನ್ನಡದಲ್ಲಿ ಬರೆದರೆ ಮಿದುಳು ಎಂಬರ್ಥದ ಇಂಗ್ಲಿಷ್ ಪದವೂ ಇದೂ ಒಂದೇ ಆಗಿ ಕಾಣುವುದು ನಮ್ಮ ಲಿಪಿಯ ಪೇಚು. ನಾನಂತೂ ಪೊರೆ ಎಂದೇ ಬರೆಯುತ್ತೇನೆ.

ಈ ಪೊರೆಗಳು ಒಂದು ಕೆಲಸಕ್ಕೆ ಬಂದವು. 1996ರಲ್ಲಿ ಸ್ಟ್ರಾಮಿಂಜರ್ ಮತ್ತು ವಾಫಾ ಪೊರೆಗಳನ್ನು ಜೋಡಿಸಿ ಒಂದು ವಿಶೇಷ ಬಗೆಯ ಕೃಷ್ಣವಿವರವನ್ನು ಕಾಗದದ ಮೇಲೆ ಕಟ್ಟಿದರು. ಎಷ್ಟು ಬಗೆಯಲ್ಲಿ ಜೋಡಿಸಬಹುದೆಂದು ಎಣಿಸಿದರು. ಆ ಎಣಿಕೆ, ಬೆಕೆನ್‌ಸ್ಟೈನ್ ಮತ್ತು ಹಾಕಿಂಗ್ ಹೇಳಿದ ಎಂಟ್ರೊಪಿಗೆ ಸರಿಯಾಗಿ ಹೊಂದಿತು. ಕಾಣದ ವಿವರಗಳನ್ನು ಮೊದಲ ಬಾರಿಗೆ ಒಂದೊಂದಾಗಿ ಎಣಿಸಿದಂತಾಯಿತು. ಈ ದಾರಿಯಲ್ಲಿ ಹಿಂದಿನ ವರ್ಷವೇ ಮಹತ್ವದ ಹೆಜ್ಜೆ ಇಟ್ಟವರು ಭಾರತದ ಅಶೋಕ್ ಸೇನ್. ಅಲಹಾಬಾದಿನಲ್ಲಿ ಬಹುಕಾಲ ಇದ್ದು ಬಳಿಕ ಬೆಂಗಳೂರಿನ ಹೆಸರಘಟ್ಟದ ಬಳಿಯ ಸೈದ್ಧಾಂತಿಕ ವಿಜ್ಞಾನ ಕೇಂದ್ರಕ್ಕೆ ಬಂದರು. ಆದರೆ ಹೀಗೆ ಎಣಿಸಲಾದ ಕೃಷ್ಣವಿವರ ಆಕಾಶದಲ್ಲಿ ಕಾಣುವಂಥದಲ್ಲ. ಲೆಕ್ಕಕ್ಕೆ ಅನುಕೂಲವಾಗುವಂತೆ ಆಯ್ದುಕೊಂಡದ್ದು. ಇದನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ.

ಮುಂದಿನ ವರ್ಷ ಹ್ವಾನ್ ಮಾಲ್ಡಸೀನ ಇನ್ನೂ ಬೆರಗಿನ ಮಾತು ಹೇಳಿದರು. ಒಂದು ಬಗೆಯ ಕಾಲ್ಪನಿಕ ವಿಶ್ವದ ಒಳಗೆ ನಡೆಯುವ ಗುರುತ್ವದ ಆಟವೆಲ್ಲ ಅದರ ಅಂಚಿನ ಮೇಲಿನ, ಗುರುತ್ವವೇ ಇಲ್ಲದ ಇನ್ನೊಂದು ಸಿದ್ಧಾಂತಕ್ಕೆ ಸಮ. ಕ್ರೆಡಿಟ್ ಕಾರ್ಡಿನ ಮೇಲೆ ಮಿನುಗುವ ಚಪ್ಪಟೆ ಹಾಳೆಯಲ್ಲಿ ಆಳದ ಚಿತ್ರ ಕಾಣುತ್ತದಲ್ಲ, ಆ ‘ಹೊಲೋಗ್ರಾಂ’ ಹೆಸರನ್ನೇ ಇದಕ್ಕೆ ಬಳಸುತ್ತಾರೆ. ಅಂಚಿನ ಮೇಲೆ ವಿವರ ಅಳಿಯುವುದಿಲ್ಲವಾದ್ದರಿಂದ ಒಳಗಿನ ಕೃಷ್ಣವಿವರದಲ್ಲೂ ಅಳಿಯಲಾರದು. ಆದರೆ ಹೇಗೆ ಹೊರಬರುತ್ತದೆ? ಇಲ್ಲಿ ಹೆಸರುಗಳ ಸಂತೆಯೇ ನೆರೆದಿದೆ. ಸಮೀರ್ ಮಾಥುರ್ ಅವರ ಪ್ರಕಾರ ಕೃಷ್ಣವಿವರಕ್ಕೆ ದಿಗಂತವೇ ಇಲ್ಲ, ಅದು ತಂತಿಗಳ ಗೋಜಲು, ‘ಫಜ್‌ಬಾಲ್’. ವೀಲರ್ ಬೋಳಿಸಿದ ತಲೆಯಲ್ಲಿ ಮತ್ತೆ ನವಿರು ಮೂಡಿದಂತೆ! 2012ರಲ್ಲಿ ನಾಲ್ವರು ಸೇರಿ ದಿಗಂತದಲ್ಲಿ ‘ಬೆಂಕಿಯ ಗೋಡೆ’ ಇರಬೇಕೆಂದು ವಾದಿಸಿದರು. ಮರುವರ್ಷ ಮಾಲ್ಡಸೀನ ಮತ್ತು ಸಸ್ಕಿಂಡ್, ಹಾಗೇನಿಲ್ಲ, ಒಳಗೂ ಹೊರಗೂ ನಡುವೆ ‘ಹುಳುಬಿಲ’ ಇರಬಹುದು ಎಂದರು. ಹುಳುಬಿಲ ಹಳೆಯ ಪದ. ಸೇಬನ್ನು ಕೊರೆದು ಆಚೆಗೆ ದಾಟುವ ಹುಳುವಿನ ಚಿತ್ರವದು. 1957ರಲ್ಲಿ ಅದನ್ನು ತಂದವರು ಅದೇ ವೀಲರ್ ಮತ್ತು ವಿಶ್ವೇಶ್ವರರ ಗುರು ಮಿಸ್ನರ್.

ಒಳ್ಳೆಯ ಹೆಸರಿನ ಅಪಾಯವನ್ನು ಇಲ್ಲಿಯೇ ಹೇಳಬೇಕು. 2022ರ ನವೆಂಬರಿನಲ್ಲಿ ಗೂಗಲ್‌ನ ಸಿಕಮೋರ್ ಎಂಬ ಕ್ವಾಂಟಂ ಕಂಪ್ಯೂಟರಿನಲ್ಲಿ ಹುಳುಬಿಲ ಸೃಷ್ಟಿಸಿದರೆಂದು ಜಗತ್ತಿನ ಪತ್ರಿಕೆಗಳಲ್ಲಿ ತಲೆಬರಹ ಬಂತು. ನಡೆದದ್ದು 9 ಕ್ಯೂಬಿಟ್‌ಗಳ ಮೇಲೆ ಒಂದು ಪುಟ್ಟ ಗಣಿತ ಮಾದರಿಯ ಅನುಕರಣೆ. ಆಕಾಶದಲ್ಲಿ ಬಿಲ ಬೀಳಲಿಲ್ಲ. ಭೂಪಟದ ಮೇಲೆ ಬೆರಳಾಡಿಸಿ ಕಾಶಿಗೆ ಹೋಗಿ ಬಂದೆ ಎಂದಂತಾಯಿತು. ಪದ ಸಪ್ಪೆಯಾಗಿದ್ದರೆ ಆ ಸುದ್ದಿ ಒಳಪುಟಕ್ಕೂ ಬರುತ್ತಿರಲಿಲ್ಲ.

ಕೃಷ್ಣವಿವರ, ದಿಗಂತ, ಹುಳುಬಿಲ, ತಂತಿ, ಪೊರೆ ಇವೆಲ್ಲ ಒಂದೇ ಉಸಿರಿನಲ್ಲಿ ಬರುವುದರಿಂದ ಒಂದೇ ತೂಕದವು ಎಂದು ಓದುಗರು ತಿಳಿದರೆ ತಪ್ಪು ಬರೆಯುವವರದ್ದು. ಕೃಷ್ಣವಿವರ ಇದೆ. 2019ರ ಏಪ್ರಿಲ್‌ನಲ್ಲಿ ಎಂ 87 ಎಂಬ ದೂರದ ಗೆಲಾಕ್ಸಿಯಲ್ಲಿರುವ, ಸೂರ್ಯನ 650 ಕೋಟಿ ಪಟ್ಟು ತೂಕದ ಕೃಷ್ಣವಿವರದ ನೆರಳಿನ ಚಿತ್ರವನ್ನೇ ನೋಡಿದೆವು. ಹಾಕಿಂಗ್ ವಿಕಿರಣ ಇರಲೇಬೇಕೆಂದು ಬಹುತೇಕ ಎಲ್ಲ ತಜ್ಞರೂ ಒಪ್ಪುತ್ತಾರೆ, ಕಂಡವರಿಲ್ಲ. ತಂತಿ, ಪೊರೆ, ಬೆಂಕಿಯ ಗೋಡೆಗಳಿಗೆ ಒಂದು ಪ್ರಯೋಗದ ಸಾಕ್ಷಿಯೂ ಇಲ್ಲ. ತಂತಿ ಸಿದ್ಧಾಂತದ ಜೊತೆಗಾರ ಕಣಗಳು ಜಿನೀವಾ ಬಳಿಯ ಮಹಾ ಯಂತ್ರದಲ್ಲಿ ಕಾಣಿಸಬಹುದೆಂದು ಅನೇಕರು ಆಶಿಸಿದ್ದರು. 2012ರಲ್ಲಿ ಹಿಗ್ಸ್ ಸಿಕ್ಕಿತು, ಇವು ಸಿಗಲಿಲ್ಲ. ಪರೀಕ್ಷೆಗೆ ನಿಲ್ಲದ್ದನ್ನು ವಿಜ್ಞಾನವೆನ್ನಬಹುದೆ ಎಂದು ಲೀ ಸ್ಮೋಲಿನ್, ಪೀಟರ್ ವಾಯ್ಟ್ 2006ರಲ್ಲೇ ಪುಸ್ತಕ ಬರೆದು ಕೇಳಿದ್ದರು. ನನ್ನ ಮಟ್ಟಿಗೆ, ಎಂಟ್ರೊಪಿಯ ಎಣಿಕೆ ಹೊಂದಿದ್ದು ಕಾಕತಾಳೀಯವಲ್ಲ ಅನಿಸುತ್ತದೆ. ಆದರೆ ಅನಿಸಿಕೆ ಸಾಕ್ಷಿಯಾಗುವುದಿಲ್ಲ.

ಸಾಕ್ಷಿ ಬರುವುದಿದ್ದರೆ ವಿಶ್ವೇಶ್ವರರ ಗಂಟೆಯಿಂದ ಬಂದೀತು. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೊ ಉಪಕರಣಗಳು, 130 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ಕೃಷ್ಣವಿವರಗಳು ಡಿಕ್ಕಿಯಾಗಿ ಒಂದಾದ ಅಲೆಯನ್ನು ಹಿಡಿದವು. 4 ಕಿಲೋಮೀಟರ್ ಉದ್ದದ ತೋಳು ಒಂದು ಪ್ರೋಟಾನಿನ ವ್ಯಾಸಕ್ಕಿಂತಲೂ ಬಹಳ ಕಡಿಮೆ ಅಲುಗಿತ್ತು. ಅಲೆಯ ಬಾಲದಲ್ಲಿ, 1970ರಲ್ಲಿ ಅವರು ಬರೆದಂತೆಯೇ, ಮೊಳಗಿ ಕ್ಷೀಣಿಸುವ ನಾದವಿತ್ತು. 2016ರ ಫೆಬ್ರುವರಿಯಲ್ಲಿ ಸುದ್ದಿ ಪ್ರಕಟವಾದಾಗ ವಿಶ್ವೇಶ್ವರ ಬದುಕಿದ್ದರು. ಮರುವರ್ಷದ ಜನವರಿಯಲ್ಲಿ ತೀರಿಕೊಂಡರು. 2025ರ ಜನವರಿಯಲ್ಲಿ ಇದಕ್ಕಿಂತ ಬಹಳ ಸ್ಪಷ್ಟವಾದ ಇನ್ನೊಂದು ಅಲೆ ಬಂತು. ಅದರ ಮೊಳಗಿನಲ್ಲಿ ಮುಖ್ಯ ಸ್ವರವಲ್ಲದೆ ಅದರ ಜೊತೆಗಿನ ಉಪಸ್ವರವೂ ಕೇಳಿಸಿತು. ಅದರಿಂದ ಲೆಕ್ಕ ಹಾಕಿದರೆ, ಡಿಕ್ಕಿಗೆ ಮುನ್ನ ಎರಡೂ ದಿಗಂತಗಳ ಒಟ್ಟು ಮೇಲ್ಮೈ ಸುಮಾರು 2,40,000 ಚದರ ಕಿಲೋಮೀಟರ್, ನಮ್ಮ ಕರ್ನಾಟಕಕ್ಕಿಂತ ಒಂದಿಷ್ಟು ದೊಡ್ಡದು. ಡಿಕ್ಕಿಯ ಬಳಿಕ ಸುಮಾರು 4,00,000 ಚದರ ಕಿಲೋಮೀಟರ್. ಮೇಲ್ಮೈ ಎಂದೂ ಕುಗ್ಗದು ಎಂದು ಹಾಕಿಂಗ್ 1971ರಲ್ಲಿ ಹೇಳಿದ್ದರು. ಬೆಕೆನ್‌ಸ್ಟೈನ್ ಚಹಾ ಲೋಟಗಳ ಸಾಕ್ಷ್ಯವನ್ನು ಬಚ್ಚಿಟ್ಟದ್ದು ಆ ಮೇಲ್ಮೈಯಲ್ಲೇ.